ಇಸ್ತ್ರಿ ಮಾಡಿದ ಮಸಿಬಟ್ಟೆ

ನಮ್ಮ ಮನೆಯಿಂದ ಇಸ್ತ್ರಿಗೆ ಹೋಗುವ ಗಂಟಿನಲ್ಲಿ ಯಜಮಾನರ ಎರಡು ಮೂರು ಶರ್ಟು, ನನ್ನದೊಂದು ಕಾಟನ್ ಸೀರೆ, ಒಂದಿಷ್ಟು ದಿಂಬಿನ ಕವರು, ಇವುಗಳ ನಡುವೆ ವಾರಕ್ಕೊಮ್ಮೆ ಒಂದು ಮಸಿಬಟ್ಟೆಯೂ ಇರುತ್ತದೆ. ನೀವು ಸರಿಯಾಗಿಯೇ ಓದಿದಿರಿ, ಮಸಿಬಟ್ಟೆಯೇ. ಯಜಮಾನರ ಹಳೆಯ ಪಂಚೆಯೊಂದನ್ನು ಹರಿದು, ಅಂಚು ಹೊಲಿದು, ನಾನೇ ಮಾಡಿಕೊಂಡ ಚೌಕ. ನಮ್ಮ ಬಿಲ್ಡಿಂಗಿನ ಮೆಟ್ಟಿಲ ಎದುರಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಮೇಜು ಹಾಕಿಕೊಂಡು ಇಸ್ತ್ರಿ ಮಾಡುವ ರಾಮಸಜೀವನ್ ಮೊದಲ ವಾರ ಅದು ಕಣ್ತಪ್ಪಿನಿಂದ ಬಂದದ್ದೆಂದು ತಿಳಿದು ಮುಟ್ಟದೆ ಹಾಗೆಯೇ ವಾಪಸು ಕಳಿಸಿದ್ದ. ಈಗ ಕಾಲರಿಗೆ ಕೊಡುವಷ್ಟೇ ಮರ್ಯಾದೆಯನ್ನು ಅದಕ್ಕೂ ಕೊಟ್ಟು, ನಾಲ್ಕು ಮಡಿಕೆ ಮಾಡಿ, ಗಂಟಿನ ಮೇಲೆಯೇ ಇಟ್ಟು ಕಳಿಸುತ್ತಾನೆ. ಎರಡನೇ ಮಾಳಿಗೆಯ ಗುಜರಾತಿ ಬೆಹೆನ್ ಇದನ್ನು ನೋಡಿ ಒಂದು ದಿನ ಲಿಫ್ಟಿನಲ್ಲಿ ನಕ್ಕರು. ನಗುವ ಹಕ್ಕು ಅವರಿಗಿದೆ. ಆದರೆ ನೀವು ಸ್ನೇಹಿತರು, ನಿಮಗೆ ಕಾರಣ ಹೇಳದೆ ಇರಲಾರೆ.

ನಾನು ಹುಟ್ಟಾ ಒರೆಸುವವಳು. ಬ್ಯಾಂಕಿನ ಕೆಲಸದಲ್ಲಿದ್ದಾಗಲೂ ಕುರ್ಚಿ ಒರೆಸದೆ ಕೂತವಳಲ್ಲ. ನಿವೃತ್ತಿಯಾದ ಮೇಲಂತೂ ಕೈಗೆ ಅದೊಂದೇ ಉದ್ಯೋಗ. ಯಮನೇ ಬಾಗಿಲಿಗೆ ಬಂದರೂ ಕಾಲೊರೆಸಿಕೊಂಡು ಒಳಗೆ ಬನ್ನಿ ಎಂದೇ ನಾನು ಹೇಳುವುದೆಂದು ಯಜಮಾನರು ಬಂಧುಗಳ ಮುಂದೆ ಹೇಳುತ್ತಿರುತ್ತಾರೆ. ಅದರಲ್ಲೂ ಮುಂಬಯಿಯ ಮಳೆಗಾಲವೆಂದರೆ ನನ್ನಂಥವರ ಪಾಲಿಗೆ ನಾಲ್ಕು ತಿಂಗಳ ಯುದ್ಧ. ನಾನು ಉಡುಪಿ ಕಡೆಯವಳು, ಬೂಸ್ಟು ನನಗೆ ಹೊಸದಲ್ಲ. ಆದರೆ ನಮ್ಮ ಊರಿನ ಬೂಸ್ಟು ಹೊರಗಿನಿಂದ ಬಂದು ಬಿಸಿಲಿಗೆ ಹೆದರಿ ಹೋಗುವಂಥದ್ದು. ವಿಲೆ ಪಾರ್ಲೆಯ ಈ ಮುಚ್ಚಿದ ಫ್ಲ್ಯಾಟಿನ ಬೂಸ್ಟು ಬಾಡಿಗೆಗೆ ಬಂದು ಖಾಲಿ ಮಾಡಲು ಒಪ್ಪದ ಜಾತಿಯದು. ಜುಲೈ ಬಂತೆಂದರೆ ಚಪ್ಪಲಿ, ಬೆಲ್ಟು, ಪರ್ಸು, ಹಾರ್ಮೋನಿಯಂ ಪೆಟ್ಟಿಗೆಯ ಹಿಡಿಕೆ, ಚರ್ಮವೆಂಬುದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬಿಳಿಯ ಪುಡಿ. ಚರ್ಮದ ಮೇಲೆ ಬಿಳಿ ಕಂಡರೆ ಒದ್ದೆ ಬಟ್ಟೆ ತಗೊಂಡು ಒರೆಸು, ಫ್ಯಾನಿನ ಕೆಳಗಿಡು: ಮೂವತ್ತು ಮಳೆಗಾಲಗಳಲ್ಲಿ ನನ್ನ ಕೈ ಕಲಿತ ಪಾಠ ಇಷ್ಟು. ಕೈ ಕಲಿತದ್ದನ್ನು ತಲೆ ಪ್ರಶ್ನಿಸುವುದು ಕಡಿಮೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪಾರ್ಲೆಯ ನಮ್ಮ ಮೂರು ಗಲ್ಲಿಗಳಲ್ಲಿ ಕನ್ನಡದ ಮನೆಗಳು ಇಪ್ಪತ್ತೆರಡು. ಹೆಚ್ಚಿನವರು ಉಡುಪಿ ಮಂಗಳೂರಿನವರು, ನಾಲ್ಕಾರು ಮನೆ ಕಲಬುರಗಿ ವಿಜಯಪುರದ ಕಡೆಯವರದು. ಸುತ್ತ ಎಷ್ಟು ದೊಡ್ಡ ಶಹರವಿದ್ದರೂ ನಾವು ಬದುಕುವುದು ಒಂದು ಪುಟ್ಟ ಹಳ್ಳಿಯ ಹಾಗೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮಾತುಕತೆ ಇಲ್ಲ, ಎಲ್ಲವೂ ಎಲ್ಲರಿಗೂ ಗೊತ್ತು. ಶ್ರಾವಣದಲ್ಲಿ ಒಮ್ಮೆ ಊರ ಕಡೆಯ ಕಲಾವಿದರನ್ನು ಕರೆಸಿ ಶಾಲೆಯ ಹಾಲಿನಲ್ಲಿ ಒಂದು ಸಂಜೆ ಹಾಡಿಸುವುದು ನಮ್ಮ ಪದ್ಧತಿ. ಬಂದವರನ್ನು ಲಾಡ್ಜಿನಲ್ಲಿ ಇಳಿಸುವುದಿಲ್ಲ, ಮನೆಗಳಿಗೆ ಹಂಚುತ್ತೇವೆ. ಹಂಚುವವರು ಹೋಟೆಲಿನ ಶೆಟ್ರು. ಯಾರಿಗೆ ಮೆಟ್ಟಿಲು ಹತ್ತಲಾಗದು, ಯಾರಿಗೆ ಸಕ್ಕರೆ ಇಲ್ಲದ ಚಹಾ, ಯಾರ ಗೊರಕೆಯನ್ನು ಯಾರ ಗೋಡೆ ತಡೆದೀತು, ಇದೆಲ್ಲ ಅವರ ಜೇಬಿನ ಒಂದು ಚೀಟಿಯಲ್ಲಿ ಇರುತ್ತದೆ. ನಾನು ಇಷ್ಟು ವರ್ಷ ಲಾಡು ಕಟ್ಟಿಕೊಟ್ಟು, ಹೂವಿನ ಹಾರ ತಂದುಕೊಟ್ಟು, ಹೇಗೋ ಆ ಚೀಟಿಯಿಂದ ತಪ್ಪಿಸಿಕೊಂಡಿದ್ದೆ. ಕಲಾವಿದರೆಂದರೆ ನನಗೆ ಭಕ್ತಿ ಉಂಟು, ಆದರೆ ಅದು ಮೂರನೇ ಸಾಲಿನ ಕುರ್ಚಿಯಿಂದ ಮಾಡುವ ಭಕ್ತಿ. ಮನೆಯೊಳಗೆ ಬಂದ ಕಲಾವಿದರಿಗೆ ಏನು ಬಡಿಸಬೇಕು, ಎಲ್ಲಿ ಮಲಗಿಸಬೇಕು, ಏನು ಮಾತಾಡಬೇಕು ಎಂಬ ಹೆದರಿಕೆ. ಕಳೆದ ವರ್ಷ ಶೆಟ್ರು ಫೋನು ಮಾಡಿ, ನನ್ನ ಲಾಡುಗಳ ಪ್ರಸ್ತಾಪ ಬರುವ ಮೊದಲೇ, “ಅಕ್ಕಾ, ಈ ಸಲ ತತ್ವಪದದ ಇಬ್ಬರು ನಿಮ್ಮಲ್ಲಿಗೆ” ಎಂದು ಫೋನಿಟ್ಟರು.

ಬಂದವರು ಕಲಬುರಗಿ ಸೀಮೆಯ ಒಂದು ಹಳ್ಳಿಯ ಶಿವರಾಯಪ್ಪ ಮತ್ತು ಮಲ್ಲಣ್ಣ. ಮಲ್ಲಣ್ಣನವರದು ಹಾಡು ಮತ್ತು ಏಕತಾರಿ. ಎಪ್ಪತ್ತರ ಆಚೆಯ ಶಿವರಾಯಪ್ಪನವರದು ದಮ್ಮಡಿ. ಮರದ ಬಳೆಗೆ ಆಡಿನ ಚರ್ಮವನ್ನು ಬಿಗಿದ, ಊಟದ ತಟ್ಟೆಯಷ್ಟು ಅಗಲದ ಕೈವಾದ್ಯ ಅದು. ಯಜಮಾನರು ದಾದರಿಗೆ ಹೋಗಿ, ಬೆಳಗಿನ ಲೋಕಲಿನ ಜಂಗುಳಿಯಲ್ಲಿ ಇಬ್ಬರನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಬಂದಿದ್ದರು. ಒಳಗೆ ಬಂದವರು ಸೋಫಾದ ಮೇಲೆ ತಮ್ಮ ಸಾಮಾನನ್ನು ಕೂರಿಸಿ, ತಾವು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನಾನು ಎಷ್ಟು ಹೇಳಿದರೂ ಮೇಲೆ ಕೂರಲಿಲ್ಲ. ಸೋಫಾದ ಮೇಲೆ ವಾದ್ಯಗಳು, ನೆಲದ ಮೇಲೆ ದೊಡ್ಡವರು, ನಡುವೆ ನಾನು ಚಹಾದ ಟ್ರೇ ಹಿಡಿದು ಯಾರ ಕಡೆ ಬಗ್ಗಬೇಕೆಂದು ತಿಳಿಯದೆ ನಿಂತಿದ್ದೆ.

ಮಲ್ಲಣ್ಣ ಸ್ನಾನಕ್ಕೆ ಹೋದರು, ಶಿವರಾಯಪ್ಪ ಬಾಲ್ಕನಿಯಲ್ಲಿ ಮಳೆ ನೋಡುತ್ತ ನಿಂತರು. ಸೋಫಾ ಸರಿಮಾಡಲೆಂದು ಹೋದೆ. ದಮ್ಮಡಿಗೆ ಸುತ್ತಿದ್ದ ಬಟ್ಟೆ ಸಡಿಲಾಗಿ ಅರ್ಧ ಚರ್ಮ ಕಾಣುತ್ತಿತ್ತು. ಅದರ ಅಂಚಿನಲ್ಲಿ ಬಿಳಿಯ ಪುಡಿ. ಅಯ್ಯೋ ಪಾಪ, ಇವರ ವಾದ್ಯಕ್ಕೂ ನಮ್ಮ ಮುಂಬಯಿ ಹತ್ತಿಬಿಟ್ಟಿತಲ್ಲ ಎಂದುಕೊಂಡೆ. ಅಷ್ಟು ಹೊತ್ತು ಏನು ಮಾಡಬೇಕೆಂದು ತಿಳಿಯದೆ ತಳಮಳಿಸುತ್ತಿದ್ದ ನನಗೆ, ಕೊನೆಗೂ ನನಗೆ ಚೆನ್ನಾಗಿ ಬರುವ ಸೇವೆಯೊಂದು ಸಿಕ್ಕಿತ್ತು. ಅಡುಗೆಮನೆಯಿಂದ ಮಸಿಬಟ್ಟೆ ತಂದು, ಒದ್ದೆ ಮಾಡಿ ಹಿಂಡಿ, ಒಮ್ಮೆ ಒರೆಸಿದೆ. ಪೂರ್ತಿ ಹೋಗಲಿಲ್ಲ. ಇನ್ನೊಮ್ಮೆ ಒದ್ದೆ ಮಾಡಿ, ಈ ಸಲ ಹಿಂಡದೆ, ಮೇಲೆ ಕೆಳಗೆ ಒಳಗೆ ಹೊರಗೆ ಒರೆಸಿ, ಥಳಥಳ ಮಾಡಿ, ಬಟ್ಟೆ ಸುತ್ತಿ ಮೊದಲಿದ್ದ ಹಾಗೆಯೇ ಇಟ್ಟೆ. ಬೆಳಗಿನಿಂದ ಮೊದಲ ಬಾರಿಗೆ ನನಗೆ ಸಮಾಧಾನವಾಗಿತ್ತು.

ಊಟವಾಯಿತು. ರೊಟ್ಟಿ ತಟ್ಟಲು ಬಾರದ ನಾನು ನೀರುದೋಸೆ ಮಾಡಿದ್ದೆ. ಅವರು ಅದನ್ನು ರೊಟ್ಟಿಯಂತೆಯೇ ಮುರಿದು, ಹೆಸರು ಕೇಳಿ, ಮತ್ತೊಂದು ಹಾಕಿಸಿಕೊಂಡರು. ಕೈತೊಳೆದು ಬಂದ ಶಿವರಾಯಪ್ಪ ದಮ್ಮಡಿಯನ್ನು ತೊಡೆಯ ಮೇಲಿಟ್ಟು ನಾಲ್ಕು ಬೆರಳಿನಿಂದ ತಟ್ಟಿದರು. ನೆನೆದ ರಟ್ಟಿನ ಡಬ್ಬಿಯನ್ನು ತಟ್ಟಿದ ಹಾಗೆ ದಪ್ ಎಂದಿತು. ಮಲ್ಲಣ್ಣ ತಲೆಯೆತ್ತಿ ನೋಡಿದರು. ಶಿವರಾಯಪ್ಪ ಮತ್ತೆ ತಟ್ಟಲಿಲ್ಲ. ಹೆಬ್ಬೆರಳನ್ನು ಅಂಚಿನ ಸುತ್ತ ಮೆಲ್ಲಗೆ ಎಳೆದು, ಆ ಹೆಬ್ಬೆರಳನ್ನೇ ಒಂದು ಕ್ಷಣ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಊರಿನ ಹವಾ ಹಸಿ ಅದ ಯವ್ವಾ, ಇದಕ್ಕ ಥಂಡಿ ಹತ್ಯಾದ” ಅಂದರು.

ಹೇಳಬೇಕಿತ್ತು. ನಾನೇ ಒರೆಸಿದೆ, ನಾನೇ ನೀರು ಕುಡಿಸಿದೆ ಎಂದು ಆಗಲೇ, ಅಲ್ಲಿಯೇ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, “ಹೌದು, ಇಲ್ಲಿ ಮಳೆಗಾಲದಲ್ಲಿ ಎಲ್ಲ ಹೀಗೆಯೇ” ಎಂಬ ಮಾತು. ಸಂಜೆ ಐದಕ್ಕೆ ಹಾಡು. ಇಪ್ಪತ್ತೆರಡು ಮನೆಯವರು ಬರುತ್ತಾರೆ. ಮೊದಲ ಬಾರಿಗೆ ನನ್ನ ಮನೆಗೆ ಬಂದ ಕಲಾವಿದರ ದನಿ ನನ್ನ ಮನೆಯಲ್ಲಿಯೇ ಸತ್ತುಹೋಗಿದೆ, ಮತ್ತು ಅಪವಾದವನ್ನು ನಾನು ಮಳೆಯ ತಲೆಗೆ ಕಟ್ಟಿದ್ದೇನೆ.

“ಮನ್ಯಾಗ ಇಭೂತಿ ಅದ ಏನ್ರಿ?” ಎಂದು ಶಿವರಾಯಪ್ಪ ಕೇಳಿದರು. ಹಣೆಗೆ ಇರಬೇಕೆಂದುಕೊಂಡು, ನಮ್ಮಲ್ಲಿ ಗೋಪೀಚಂದನ ಉಂಟು, ಗಂಧ ಉಂಟು, ವಿಭೂತಿ ಇಲ್ಲ ಎಂದೆ. “ಇರಲಿ” ಎಂದು, ಒಲೆ ಎಲ್ಲಿ ಎಂದು ಕೇಳಿದರು. ಯಜಮಾನರು ಉತ್ಸಾಹದಿಂದ ಗ್ಯಾಸು ಹಚ್ಚಿದರು. ಶಿವರಾಯಪ್ಪ ಆ ನೀಲಿ ಉರಿಯನ್ನು ದೂರದಿಂದಲೇ ನೋಡಿ, ಇದು ಸುಡುತ್ತದೆಯೇ ಹೊರತು ಕಾಯಿಸುವುದಿಲ್ಲ ಎಂದರು. ಯಜಮಾನರು ಮಗಳು ಬಿಟ್ಟುಹೋದ, ಕೂದಲು ಒಣಗಿಸುವ ಯಂತ್ರ ತಂದರು. ಅದರ ಸದ್ದಿಗೆ ಮಲ್ಲಣ್ಣ ಏಕತಾರಿಯನ್ನು ಎದೆಗೆ ಅವಚಿಕೊಂಡರು. ನಾನು ದೇವರ ಮುಂದಿನ ದೀಪದ ಕಡೆ ನೋಡಿ ಸುಮ್ಮನಾದೆ. ಇಷ್ಟೆಲ್ಲ ಸೌಕರ್ಯವಿರುವ ಮನೆಯಲ್ಲಿ ಒಂದು ಹಿಡಿ ಕೆಂಡವಿಲ್ಲವೆಂಬುದು ನನಗೆ ಅಂದೇ ಗೊತ್ತಾದದ್ದು.

ಆ ಗಡಿಬಿಡಿಯಲ್ಲಿ ಶಿವರಾಯಪ್ಪ ಕಾಣಲಿಲ್ಲ. ಬಾಲ್ಕನಿಯಿಂದ ಇಣುಕಿದರೆ, ದಮ್ಮಡಿಯನ್ನು ಕಂಕುಳಲ್ಲಿಟ್ಟುಕೊಂಡು ಬರಿಗಾಲಲ್ಲಿ ಕೆಳಗೆ ರಾಮಸಜೀವನನ ಮೇಜಿನ ಮುಂದೆ ನಿಂತಿದ್ದಾರೆ. ಬೆಳಗ್ಗೆ ಮಳೆ ನೋಡುತ್ತಿದ್ದಾಗಲೇ ಅವನ ಇಸ್ತ್ರಿ ಪೆಟ್ಟಿಗೆಯ ಕೆಂಡ ಅವರ ಕಣ್ಣಿಗೆ ಬಿದ್ದಿತ್ತೆಂದು ಕಾಣುತ್ತದೆ. ಸುತ್ತಲಿನವರೆಲ್ಲ ಕರೆಂಟಿಗೂ ಗ್ಯಾಸಿಗೂ ಹೋದರೂ ರಾಮಸಜೀವನ್ ಮಾತ್ರ ಇದ್ದಲಿನ ಪೆಟ್ಟಿಗೆಯನ್ನು ಬಿಟ್ಟಿಲ್ಲ. ಅದರ ಹೊಗೆಯ ಬಗ್ಗೆ ಸೊಸೈಟಿ ಮೀಟಿಂಗಿನಲ್ಲಿ ದೂರು ಕೊಟ್ಟವರಲ್ಲಿ ನಾನೂ ಒಬ್ಬಳು. ಕೊಡೆ ಹಿಡಿದುಕೊಂಡು ಕೆಳಗೆ ಓಡಿದೆ.

“ಭೈಯಾ, ಥೋಡಾ ಅಂಗಾರ್ ಹೋನಾ” ಎಂದು ಶಿವರಾಯಪ್ಪ ತಮ್ಮ ಕಲಬುರಗಿಯ ಹಿಂದಿಯಲ್ಲಿ ಕೆಂಡ ಕೇಳುತ್ತಿದ್ದರು. ರಾಮಸಜೀವನ್ ಕೇಳಿದವರ ಮುಖ ನೋಡಲಿಲ್ಲ, ಕೈಯಲ್ಲಿದ್ದದ್ದನ್ನು ನೋಡಿದ. ಯಾರದೋ ಅರ್ಧ ಇಸ್ತ್ರಿಯಾದ ಪ್ಯಾಂಟನ್ನು ಬದಿಗೆ ಸರಿಸಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಕೆಂಡವನ್ನೆಲ್ಲ ಬಾಣಲೆಯಂಥ ಒಂದು ಕಬ್ಬಿಣದ ಘಮೇಲಾದಲ್ಲಿ ಸುರುವಿ, ತಾನು ಕೂರುವ ಸ್ಟೂಲನ್ನು ಅವರ ಮುಂದೆ ಇಟ್ಟ. “ಚಮಡಾ ಹೈ ಬಾಬಾ, ಧೀರೆ ಧೀರೆ” ಎಂದ, ಚರ್ಮವಲ್ಲವೇ, ನಿಧಾನ ಎನ್ನುವ ಹಾಗೆ. ಊರಿನಲ್ಲಿ ಅವನ ಅಪ್ಪ ಢೋಲಕ್ ಬಾರಿಸುತ್ತಿದ್ದರಂತೆ. ಹದಿನಾಲ್ಕು ವರ್ಷ ಅವನ ಕೈಯಲ್ಲಿ ನನ್ನ ಸೀರೆಗಳ ನೆರಿಗೆ ಬಿಡಿಸಿಕೊಂಡ ನನಗೆ, ಅವನಿಗೊಬ್ಬ ಅಪ್ಪ ಇದ್ದಿರಬಹುದೆಂಬುದೂ ಹೊಳೆದಿರಲಿಲ್ಲ.

ಇಬ್ಬರೂ ಕೆಂಡದ ಎರಡು ಬದಿಗೆ ಕೂತರು. ಬೆಳಗಿನಿಂದ ನನ್ನ ಹಾಲಿನಲ್ಲಿ ಮೈ ಮುದುಡಿಕೊಂಡು ಕೂತಿದ್ದ ಶಿವರಾಯಪ್ಪ ಇಲ್ಲಿ, ಪ್ಲಾಸ್ಟಿಕ್ ಹಾಳೆಯ ಕೆಳಗೆ, ಕಾಲು ಚಾಚಿ ಸಲೀಸಾಗಿ ಕೂತಿದ್ದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಗಬಹುದು. ದಮ್ಮಡಿಯನ್ನು ಕೆಂಡದಿಂದ ಎರಡು ಗೇಣು ಮೇಲೆ ಹಿಡಿದು, ಕೂಸಿನ ಬೆನ್ನು ಕಾಯಿಸುವ ಹಾಗೆ ಆಚೆ ಈಚೆ ತಿರುಗಿಸುತ್ತ, ಅವರು ನನಗೆ ತಮ್ಮ ಕಡೆಯ ರೀತಿ ಹೇಳಿದರು. “ನಮ್ಮ ಕಡಿ ಹಾಡಾಕ ಯಾವ ಊರಿಗಿ ಹೋದ್ರೂ ಮನಿಯವ್ರು ಮೊದಲು ಚಾ ಕುಡೀತೀರೇನು ಅಂತ ಕೇಳಂಗಿಲ್ರಿ, ದಮ್ಮಡಿ ಕಾಸಬೇಕೇನು ಅಂತ ಕೇಳ್ತಾರ. ಯಾರ ಒಲಿ ಮುಂದ ಇದು ಕಾಯ್ತದೋ ಅದೇ ನಮ್ಮ ಮನಿ. ನಾವು ಉಂಡ್ವಿ, ಇದೂ ಬೆಂಕಿ ಉಣಬೇಕಲ್ಲ.”

ಸಣ್ಣ ಊರುಗಳಂತೆ. ನಲವತ್ತು ಐವತ್ತು ಮನೆ. ಹಾಡುವವರು ಬಂದರೆ ಮನೆಗಳಲ್ಲಿ ಪಾಳಿ. ಬಡವರ ಪಾಳಿ ಬಂದ ವರ್ಷ ಒಲೆಯಲ್ಲಿ ಬೆರಣಿ ಮಾತ್ರ, ಆದರೆ ಬೆರಣಿಯ ಕಾವಿಗೇ ಚರ್ಮ ಚೆನ್ನಾಗಿ ಮಾತಾಡುತ್ತದಂತೆ. ಕೆಲವು ಮನೆಗಳಲ್ಲಿ ಅವರು ಕೂಸುಗಳಾಗಿ ಕಂಡಿದ್ದವರನ್ನು ಈಗ ಅಜ್ಜಂದಿರಾಗಿ ನೋಡುತ್ತಾರಂತೆ. ಅವರು ಹೇಳುತ್ತ ಹೋದಂತೆ ನನಗೆ ಆತಿಥ್ಯವೆಂಬ ದೊಡ್ಡ ಮಾತಿನ ಬಗ್ಗೆ ಇದ್ದ ಹೆದರಿಕೆ ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡಿತು. ನಾನು ಮೂರು ದಿನದಿಂದ ಹಾಸಿಗೆಯ ಹೊದಿಕೆ ಬದಲಿಸಿ, ಬಾತ್‌ರೂಮಿನ ಟೈಲು ಉಜ್ಜಿ, ಹೊಸ ಲೋಟ ತಂದು ಸಿದ್ಧವಾದದ್ದೆಲ್ಲ ನನ್ನ ಮನೆ ಅವರ ಕಣ್ಣಿಗೆ ಹೇಗೆ ಕಂಡೀತೆಂಬ ಚಿಂತೆಯಿಂದ. ಅವರಿಗೆ ಬೇಕಾಗಿದ್ದದ್ದು ಒಂದಿಷ್ಟು ಕಾವು, ಮತ್ತು ಅದು ಕಾಯುವವರೆಗೆ ಪಕ್ಕದಲ್ಲಿ ಕೂರುವ ಒಬ್ಬರು.

ನಡುನಡುವೆ ತಟ್ಟಿ ನೋಡುತ್ತಿದ್ದರು. ದಪ್. ಸ್ವಲ್ಪ ಹೊತ್ತು ಬಿಟ್ಟು ದಮ್. ನಾಲ್ಕು ಗಂಟೆ ಹೊಡೆದಿರಬೇಕು, ಯಜಮಾನರು ಬಾಲ್ಕನಿಯಿಂದ ಕೈಗಡಿಯಾರ ತೋರಿಸಿದರು. ನಾನು ಕೊಡೆಯ ಹಿಡಿಕೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅದರ ಗುರುತು ಮೂಡಿತ್ತು. ಆಮೇಲೆ ಒಂದು ತಟ್ಟಿಗೆ ಅದು ಠಣ್ಣನೆ ಎದ್ದು ಮೆಟ್ಟಿಲ ಸಾಲಿನಲ್ಲಿ ಮೇಲಿನ ಮಾಳಿಗೆಯವರೆಗೆ ಹೋಯಿತು. ರಾಮಸಜೀವನ್ ತಲೆದೂಗಿದ. ನನ್ನ ಕಣ್ಣಲ್ಲಿ ನೀರು ಬಂತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಶಿವರಾಯಪ್ಪ ಘಮೇಲಾದ ಅಂಚಿನಿಂದ ತಣ್ಣಗಾದ ಬೂದಿಯನ್ನು ಚಿಟಿಕೆಯಷ್ಟು ತೆಗೆದು, ಮೂರು ಬೆರಳಿಗೆ ಸವರಿಕೊಂಡು, ಚರ್ಮದ ಅಂಚಿನಲ್ಲಿ ಮೂರು ಗೆರೆ ಎಳೆದು ಕಣ್ಣಿಗೊತ್ತಿಕೊಂಡರು. ನಾನು ಬೆಳಗ್ಗೆ ಯಾವ ಜಾಗವನ್ನು ಎರಡೆರಡು ಸಲ ತಿಕ್ಕಿದ್ದೆನೋ ಅದೇ ಜಾಗ. ಬೂಸ್ಟಲ್ಲ. ವಿಭೂತಿ. ಅವರು ಊರು ಬಿಡುವಾಗ ಹಚ್ಚಿದ್ದು. ನೀರು ಕುಡಿಸಿದ್ದೊಂದೇ ತಪ್ಪೆಂದು ತಿಳಿದಿದ್ದವಳಿಗೆ ಈಗ ಇನ್ನೊಂದು ತಪ್ಪು ಸೇರಿತು. ಒರೆಸುವವಳು ದೇವರ ಗುರುತನ್ನೇ ಒರೆಸಿದ್ದೆ.

ಸಂಜೆಯ ಹಾಡು ಚೆನ್ನಾಗಿ ಆಯಿತು. ಕನ್ನಡ ಅರ್ಧ ತಿಳಿಯುವ ನಮ್ಮ ಮಕ್ಕಳು ಕೂಡ ಮೊಬೈಲು ಕೆಳಗಿಟ್ಟು ತೊಡೆ ತಟ್ಟಿದರು. ಕಲಬುರಗಿ ಕಡೆಯ ಮನೆಯವರೊಬ್ಬರು ಅಳುತ್ತ ಕೂತಿದ್ದರು. ಶೆಟ್ರು ನನ್ನ ಹತ್ತಿರ ಬಂದು, “ಎಂತ ಅಕ್ಕಾ, ಚೆನ್ನಾಗಿ ನೋಡಿಕೊಂಡಿದ್ದೀರಿ, ದಮ್ಮಡಿ ಗಂಟೆಯ ಹಾಗೆ ಉಂಟು” ಎಂದರು. ನಾನು ಸೆರಗು ಸರಿಮಾಡಿಕೊಂಡೆ.

ಅತಿಥಿಗಳು ಹೊರಟಾಗ ಮನೆಯವರು ಬಿಡುವ ಉಸಿರೊಂದಿದೆ. ಅದರ ಬಗ್ಗೆ ನಾವು ಮಾತಾಡುವುದಿಲ್ಲ, ನಾಚಿಕೆ. ಮರುದಿನ ಬೆಳಗ್ಗೆ ಅವರ ಚೀಲಗಳು ಬಾಗಿಲ ಬಳಿ ಬಂದಾಗ ನನ್ನೊಳಗೆ ಆ ಉಸಿರು ಅರ್ಧ ಮೇಲೆದ್ದು ಅಲ್ಲಿಯೇ ಸಿಕ್ಕಿಕೊಂಡಿತು. ಹೇಳದೆ ಕಳಿಸಿದರೆ ಈ ಜನ್ಮದಲ್ಲಿ ಅದು ಹೊರಬರುವುದಿಲ್ಲವೆಂದು ಗೊತ್ತಾಯಿತು. ಹಾಗಾಗಿ ದಾದರಿನವರೆಗೆ ನಾನೂ ಹೋದೆ. ಲೋಕಲಿನ ಹೆಂಗಸರ ಡಬ್ಬಿಯಲ್ಲಿ ನಿಂತು ಹೇಗೆ ಶುರುಮಾಡಬೇಕೆಂದು ಬಾಂದ್ರಾದಿಂದ ಮಾಹಿಮಿನವರೆಗೆ ಅಭ್ಯಾಸ ಮಾಡಿದೆ.

ದಾದರಿನಲ್ಲಿ ಅವರ ಊರಿನ ರೈಲು ನಿಂತಿತ್ತು, ಯಜಮಾನರು ನೀರಿನ ಬಾಟಲಿ ತರಲು ಹೋಗಿದ್ದರು. ಮಲ್ಲಣ್ಣ ಡಬ್ಬಿಯೊಳಗೆ ಚೀಲ ಇಡುತ್ತಿದ್ದರು. ಶಿವರಾಯಪ್ಪ ಕಿಟಕಿಯ ಪಕ್ಕ, ದಮ್ಮಡಿ ತೊಡೆಯ ಮೇಲೆ. ನಾನು ಕಿಟಕಿಯ ಸರಳು ಹಿಡಿದು, “ಶಿವರಾಯಪ್ಪನವರೇ, ಒಂದು ವಿಷಯ ಹೇಳ್ಲಿಕ್ಕುಂಟು. ನಿನ್ನೆ ನಿಮ್ಮ ದಮ್ಮಡಿ...” ಎಂದೆ.

ಅವರು ನನ್ನ ಕೈಯನ್ನು, ಸರಳಿನ ಮೇಲಿದ್ದ ನನ್ನ ಬೆರಳುಗಳನ್ನು ನೋಡಿದರು. “ಮುಂದಿನ ಸಲ ಒಣ ಬಟ್ಟಿಲೆ ಒರಸ್ರಿ ಯವ್ವಾ” ಅಂದರು.

ಅಂದರೆ ಗೊತ್ತಿತ್ತು. ಹೆಬ್ಬೆರಳನ್ನು ನೋಡಿಕೊಂಡ ಆ ಕ್ಷಣದಿಂದಲೇ ಗೊತ್ತಿತ್ತು. ವಿಭೂತಿ ಇದೆಯೇ ಎಂದು ಕೇಳಿದ್ದು ಹಣೆಗಲ್ಲ. ತಪ್ಪನ್ನು ಊರಿನ ಹವೆಯ ಮೇಲೆ ಹಾಕಿದ್ದು ನನ್ನ ಮುಖ ಸಣ್ಣದಾಗಬಾರದೆಂದು. ನಾನು ಹೂಂಗುಟ್ಟಿದಾಗಲೂ ಅವರು ಗೊತ್ತಿದ್ದೇ ಸುಮ್ಮನಿದ್ದರು. ನಾನು ಅವರನ್ನು ನೋಡಿಕೊಳ್ಳುತ್ತಿದ್ದೇನೆಂದು ಭಾವಿಸಿದ್ದ ಒಂದು ಹಗಲೆಲ್ಲ ಅವರು ನನ್ನನ್ನು ನೋಡಿಕೊಂಡಿದ್ದರು. ಎಷ್ಟು ಮನೆಗಳಲ್ಲಿ ಎಷ್ಟು ಜನರ ಇಂಥ ಪ್ರೀತಿಯ ಅವಾಂತರಗಳನ್ನು ಆ ಮನುಷ್ಯ ಹೀಗೆ ನುಂಗಿಕೊಂಡಿರಬೇಕು. ಹಾಡು ಕಲಿಯುವುದು ಕಷ್ಟವೆಂದು ತಿಳಿದಿದ್ದೆ. ಬೇರೆಯವರ ಮನೆಯಲ್ಲಿ ಅತಿಥಿಯಾಗಿರುವುದನ್ನು ಕಲಿಯಲು ಅದಕ್ಕಿಂತ ಹೆಚ್ಚು ವರ್ಷ ಬೇಕಾಗುತ್ತದೆಂದು ಈಗ ಅನ್ನಿಸುತ್ತದೆ. ರೈಲು ಹೊರಟಿತು. ಸಿಕ್ಕಿಕೊಂಡಿದ್ದ ಉಸಿರು ಎಷ್ಟು ಜೋರಾಗಿ ಹೊರಬಂತೆಂದರೆ, ಪಕ್ಕದಲ್ಲಿ ನಿಂತಿದ್ದ ಕೂಲಿಯವನು ನನಗೆ ಕೂರಲು ಜಾಗ ತೋರಿಸಿದ. ಹಿಂತಿರುಗುವಾಗ ಲೋಕಲಿನಲ್ಲಿ ಸುಮ್ಮನೆ ನಗುತ್ತ ಕೂತಿದ್ದೆ. ಯಜಮಾನರು ಏನೆಂದು ಕೇಳಿದರು, ಮನೆಗೆ ಬಂದ ಮೇಲೆ ಎಲ್ಲ ಹೇಳಿದೆ.

ಅವರ ಮಾತಿನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಸಲ ಎಂದದ್ದು. ಹಾಗಾಗಿ ನಮ್ಮ ಅಡುಗೆಮನೆಯ ಮೊಳೆಗೆ ಈಗ ಎರಡು ಬಟ್ಟೆ. ಒಂದು ಎಂದಿನದು, ಒದ್ದೆಯದು. ಇನ್ನೊಂದಕ್ಕೆ ನೀರು ಸೋಕಿಸುವುದಿಲ್ಲ. ಆದರೆ ಮುಂಬಯಿಯ ಮಳೆಗಾಲದಲ್ಲಿ ನೀರು ಸೋಕಿಸದ ಬಟ್ಟೆಯೂ ಒಣಗಿರುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ಇಸ್ತ್ರಿಗೆ ಕೊಡುತ್ತೇನೆ. ಹೊಗೆಯ ಬಗ್ಗೆ ಕೊಟ್ಟ ದೂರನ್ನು ಹಿಂದಕ್ಕೆ ಪಡೆದಿದ್ದೇನೆ. ಮೊನ್ನೆ ಶೆಟ್ರ ಫೋನು ಬರುವ ಮೊದಲೇ ನಾನೇ ಫೋನು ಮಾಡಿ, ಈ ಸಲವೂ ಆ ಇಬ್ಬರು ನಮ್ಮಲ್ಲಿಗೇ ಎಂದು ಚೀಟಿಯಲ್ಲಿ ಬರೆಸಿದೆ.

ನಿನ್ನೆ ಗಂಟು ಕೊಡಲು ಬಂದ ರಾಮಸಜೀವನ್, ಬಾಬಾ ಯಾವಾಗ ಬರುತ್ತಾರೆಂದು ಕೇಳಿದ. ಶನಿವಾರ ಎಂದೆ. ಅಂದು ಬೇರೆಯವರ ಬಟ್ಟೆ ತೆಗೆದುಕೊಳ್ಳುವುದಿಲ್ಲ, ಒಳ್ಳೆಯ ಇದ್ದಲು ತೆಗೆದಿಟ್ಟಿದ್ದೇನೆ ಎಂದ. ಬಾಗಿಲಲ್ಲಿಯೇ ನಿಲ್ಲಿಸಿ ಮಾತಾಡುವ ಅಭ್ಯಾಸ ಬಿಟ್ಟು ಅವನನ್ನು ಒಳಗೆ ಕರೆದೆ. ಸೋಫಾ ತೋರಿಸಿದರೆ ಅವನೂ ನೆಲದ ಮೇಲೆಯೇ ಕೂತ. ನಾನೂ ಎದುರಿಗೆ ನೆಲದ ಮೇಲೆ ಕೂತು, ಚಹಾ ಮುಗಿಯುವವರೆಗೆ ಅವನ ಅಪ್ಪನ ಢೋಲಕ್ಕಿನ ಬಗ್ಗೆ ಕೇಳಿದೆ. ಅವನು ಹೋದ ಮೇಲೆ ಗಂಟು ಬಿಚ್ಚಿ ಮೇಲಿದ್ದ ಮಸಿಬಟ್ಟೆಯನ್ನು ತೆಗೆದುಕೊಂಡೆ. ಇನ್ನೂ ಬೆಚ್ಚಗಿತ್ತು.